ಗೊಣಗಪ್ಪ ಹೊತ್ತ ತೊಲೆ

ಕಲ್ಲಗೋನಾಳದಲ್ಲಿ ಬಸ್ಸಿಳಿದು ಸೋಮನಾಥ ದೇವಾಲಯ ಎಲ್ಲಿದೆ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಅದು ನಮ್ಮ ಊರಿನವರ ಉದ್ಧಟತನವಲ್ಲ. ಆ ಹೆಸರು ಅವರಿಗೆ ಗೊತ್ತಿಲ್ಲ, ಅಷ್ಟೇ. ಗುಡಿಯ ಮುಂದೆ ನೆಟ್ಟ ನೀಲಿ ಹಲಗೆಯಲ್ಲಿ ಆ ಹೆಸರಿದೆ, ಓದುವುದು ಹೊರಗಿನವರು ಮಾತ್ರ. ಗೊಣಗಪ್ಪನ ಗುಡಿ ಎಂದು ಕೇಳಿ ನೋಡಿ. ಚಹಾದಂಗಡಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ಬೀದಿಗೆ ಬಂದು ತೋರಿಸುತ್ತಾನೆ. ಬಳಪದ ಕಲ್ಲಿನ ಸಣ್ಣ ಗುಡಿ, ಮುಂದೆ ನಾಲ್ಕು ಕಂಬಗಳ ಮೊಗಸಾಲೆ. ಮೂರು ಕಂಬಗಳು ತಿರುಗಣೆಗೆ ಹಾಕಿ ಕಡೆದವು, ಮುಖ ನೋಡಿಕೊಳ್ಳುವಷ್ಟು ನುಣುಪು. ಎಡಗಡೆಯ ನಾಲ್ಕನೆಯದೂ ಹಾಗೇ ಇದೆ, ಆದರೆ ಒಂದು ಗೇಣು ಮೋಟು. ಆ ಕಂಬದ ತಲೆಗೂ ಮೇಲಿನ ತೊಲೆಗೂ ನಡುವೆ ಒಬ್ಬ ಡೊಳ್ಳುಹೊಟ್ಟೆಯ ಕುಳ್ಳ ಕುಕ್ಕರುಗಾಲಲ್ಲಿ ಕೂತು ಹೆಗಲಿನಿಂದ ತೊಲೆಯನ್ನು ಹೊತ್ತಿದ್ದಾನೆ. ಕೆನ್ನೆ ಉಬ್ಬಿದೆ, ಕಣ್ಣು ಹೊರಬಂದಿದೆ, ಕೆಳದುಟಿ ಮುಂದಕ್ಕೆ ಚಾಚಿದೆ, ಎಡಗಿವಿಯ ಹಾಲೆ ಹರಿದಿದೆ. ಇವನೇ ಗೊಣಗಪ್ಪ. ಗುಡಿಗೆ ಬಂದವರು ಒಳಗಿನ ಲಿಂಗಕ್ಕೆ ಕೈ ಮುಗಿಯುವ ಮೊದಲು ಇವನ ಹತ್ತಿರ ನಿಂತು ಒಂದು ಕೆಲಸ ಮಾಡುತ್ತಾರೆ. ಅದನ್ನು ಕೊನೆಗೆ ಹೇಳುತ್ತೇನೆ.

ಈ ಊರಿನ ಸಂಗತಿಗಳನ್ನು ಮೂವತ್ತು ವರ್ಷದಿಂದ ಬರೆದಿಡುತ್ತ ಬಂದವನು ನಾನು. ಒಮ್ಮೆ ಪಂಡಿತರೊಬ್ಬರು ಬಂದು, ಇವನು ಭಾರವಾಹಕ ಯಕ್ಷ, ಲೋಕದ ಭಾರವನ್ನು ಸಂಕೇತಿಸುತ್ತಾನೆ ಎಂದು ನನಗೆ ಒಂದು ತಾಸು ವಿವರಿಸಿದರು. ನಾನು ತಾಳ್ಮೆಯಿಂದ ಕೇಳಿದೆ. ಯಕ್ಷನ ಎಡಗಿವಿ ಯಾಕೆ ಹರಿದಿದೆ ಸ್ವಾಮಿ ಎಂದಾಗ ಅವರಿಗೆ ಬಸ್ಸಿನ ಹೊತ್ತು ನೆನಪಾಯಿತು. ಗ್ರಂಥದಲ್ಲಿ ಇಲ್ಲದ್ದು ನಮ್ಮ ಊರಿನ ಮುದುಕಿಯರ ಬಾಯಲ್ಲಿ ಇರುತ್ತದೆ ಎಂಬುದನ್ನು ಈ ಜನ ಯಾವಾಗ ತಿಳಿಯುತ್ತಾರೋ! ಅವರು ಹೇಳುವುದು ಹೀಗೆ.

ಹಿಂದೆ ಒಮ್ಮೆ, ಈ ಊರು ಇನ್ನೂ ಮೂವತ್ತು ಮನೆಯ ಹಳ್ಳಿಯಾಗಿದ್ದಾಗ, ಬೀರಗೌಡ ಎಂಬ ಊರಗೌಡ ಸೋಮನಾಥನಿಗೆ ಕಲ್ಲಿನ ಗುಡಿ ಕಟ್ಟಿಸಲು ಹೊರಟನಂತೆ. ಅದಕ್ಕೆ ಕರೆಸಿದ್ದು ಮಾರೋಜ ಎಂಬ ಸ್ಥಪತಿಯನ್ನು. ಗುಡಿಯ ನಕ್ಷೆ, ಅಳತೆ, ಕಲ್ಲಿನ ಮೇಲೆ ಕಲ್ಲು ಕೂರುವ ಲೆಕ್ಕ ಎಲ್ಲ ಅವನದು. ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಸಿಟ್ಟಿನಲ್ಲಿಯೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಹಗ್ಗ ಸಡಿಲವಾಯಿತು ಎಂದು ಗೊಣಗುವನು, ಮಧ್ಯಾಹ್ನ ಬಿಸಿಲು ಓರೆಯಾಯಿತು ಎಂದು ಗೊಣಗುವನು. ಸಿಟ್ಟು ಬಂದರೆ ಕೆನ್ನೆ ಉಬ್ಬಿ ಕೆಳದುಟಿ ಮುಂದೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಎತ್ತು ಹಾಯ್ದು ಎಡಗಿವಿ ಹರಿದಿತ್ತು. ಕಲ್ಲುಕೆಲಸದವರು ಬೆನ್ನ ಹಿಂದೆ ಅವನನ್ನು ಗೊಣಗಪ್ಪ ಎಂದು ಕರೆಯುತ್ತಿದ್ದರು. ಮೂರ್ತಿ ಕೆತ್ತುವುದಕ್ಕೆ ಬಂದವನು ಕೇತೋಜ, ಮಾರೋಜನ ಹೆಂಡತಿ ಚಂದಬ್ಬೆಯ ಬೆನ್ನಿಗೆ ಬಿದ್ದ ತಮ್ಮ. ಇವನ ಕೈ ಬಂಗಾರ, ನಾಲಗೆ ಉಳಿ. ಗಂಡನಿಗೂ ತಮ್ಮನಿಗೂ ಒಂದೇ ಒಲೆಯಲ್ಲಿ ಬೇಯಿಸಿ ಹಾಕಬೇಕಾದ ಚಂದಬ್ಬೆಯ ಪಾಡನ್ನು ನೆನೆದರೆ ನನಗೆ ಈಗಲೂ ಕನಿಕರವಾಗುತ್ತದೆ.

ಅವರಿಬ್ಬರ ಜಗಳ ಒಂದೇ. ಗುಡಿ ನಿಲ್ಲುವುದು ಲೆಕ್ಕದ ಮೇಲೆ, ಮೂರ್ತಿಗಳೆಲ್ಲ ಬರೀ ಒಡವೆ ಎಂದು ಮಾರೋಜ. ಒಡವೆ ಇಲ್ಲದಿದ್ದರೆ ನಿನ್ನ ಗುಡಿಗೂ ದನದ ಕೊಟ್ಟಿಗೆಗೂ ಏನು ವ್ಯತ್ಯಾಸ ಎಂದು ಕೇತೋಜ. ಈ ಜಗಳ ಊಟದ ಎಲೆಯ ಮುಂದೆ ಶುರುವಾಗಿ ಕೈ ಒಣಗುವವರೆಗೆ ನಡೆಯುತ್ತಿತ್ತು ಎನ್ನುತ್ತಾರೆ. ಕೊನೆಗೆ ಮಾರೋಜ ಒಂದು ಕಟ್ಟಪ್ಪಣೆ ಮಾಡಿದ. "ಗ್ವಾಡಿ ಮ್ಯಾಲ ಎಷ್ಟ ಬೇಕಾದ್ರೂ ಕೆತ್ತಿಕೋ. ಭಾರ ಹೊರೂ ಕಲ್ಲಿಗೆ ಮಾತ್ರ ಉಳಿ ಹಚ್ಚಬ್ಯಾಡ. ನನ್ನ ಗುಡಿ ಒಳಗ ಒಂದು ಗೊಂಬಿನೂ ಭಾರ ಹೊರಾಂಗಿಲ್ಲ." ಕೇತೋಜ ಅಂದು ಏನೂ ಹೇಳದೆ ಎದ್ದು ಹೋದ. ಅವನು ಸುಮ್ಮನಿದ್ದಾನೆಂದರೆ ಏನೋ ಕಾದಿದೆ ಎಂದು ಅಕ್ಕನಿಗೆ ಮಾತ್ರ ಗೊತ್ತಿತ್ತು.

ಇಷ್ಟರಲ್ಲಿ ಬೀರಗೌಡ ತೀರಿಕೊಂಡ. ಆಗ ಮೊಗಸಾಲೆಯ ಮೂರು ಕಂಬ ನಿಂತಿದ್ದವು, ನಾಲ್ಕನೆಯದರ ಕಲ್ಲು ಗಣಿಯಿಂದ ಬಂದು ಬಿದ್ದಿತ್ತು. ಇಲ್ಲಿ ಆ ಕಾಲದ ಒಂದು ಪದ್ಧತಿಯನ್ನು ಹೇಳಬೇಕು. ಗುಡಿ ಕಟ್ಟಿಸುವ ಯಜಮಾನನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಎಷ್ಟಿದೆಯೋ ಅಷ್ಟೇ ಆ ಗುಡಿಗೆ ಒಂದು ಮೊಳ. ಆ ಅಳತೆಗೆ ಒಂದು ಕೋಲು ಕಡಿದು, ಪೂಜೆ ಮಾಡಿ, ಅದರಿಂದಲೇ ಎಲ್ಲವನ್ನೂ ಅಳೆಯಬೇಕು. ಯಜಮಾನ ಬದಲಾದರೆ ಕೋಲೂ ಬದಲಾಗಬೇಕು ಎಂದು ಮಾರೋಜನ ಗುರು ಹೇಳಿದ್ದನಂತೆ. ಬೇರೆ ಯಾರಾದರೂ ಆಗಿದ್ದರೆ ಉಳಿದ ಒಂದೇ ಕಂಬಕ್ಕೆ ಯಾಕೆ ಈ ತಾಪತ್ರಯ ಎಂದು ಹಳೆಯ ಕೋಲನ್ನೇ ಹಿಡಿಯುತ್ತಿದ್ದರು. ಮಾರೋಜ ಹಾಗಲ್ಲ. ಬೀರಗೌಡನ ಮಗ ಸಂಕಗೌಡನನ್ನು ಮಣೆಯ ಮೇಲೆ ಕೂರಿಸಿ, ಕೈ ಚಾಚಿಸಿ, ಶಾಸ್ತ್ರೋಕ್ತವಾಗಿ ಹೊಸ ಕೋಲು ಕಡಿದ. ಅಪ್ಪ ಬಾಗಿಲಿಗೆ ತಲೆ ಬಗ್ಗಿಸಿ ಬರುವ ಆಳಾದರೆ ಮಗ ಬಾಗಿಲ ಅಗುಳಿಗೆ ತುದಿಗಾಲಲ್ಲಿ ನಿಲ್ಲುವವನು. ಅದನ್ನು ಮುಚ್ಚಲು ಮೊಳದೆತ್ತರ ರುಮಾಲು ಸುತ್ತುತ್ತಿದ್ದ, ಅವನ ಮುಂದೆ ಯಾರೂ ಗಿಡ್ಡ, ಮೋಟು ಎಂಬ ಮಾತೇ ಆಡುತ್ತಿರಲಿಲ್ಲ. ಹೊಸ ಮೊಳ ಹಳೆಯದಕ್ಕಿಂತ ಮೂರು ಅಂಗುಲ ಕಡಿಮೆ ಬಂತು. ಕಂಬ ನಾಲ್ಕು ಮೊಳದ್ದು. ಮಾರೋಜ ಹೊಸ ಕೋಲಿನಿಂದ ಕಲ್ಲನ್ನು ಅಳೆದು, ಗಣಿಯವರು ಕಣ್ಣು ಮುಚ್ಚಿಕೊಂಡು ಹನ್ನೆರಡು ಅಂಗುಲ ಹೆಚ್ಚು ಕಡಿದು ಕಳಿಸಿದ್ದಾರೆ ಎಂದು ಅರ್ಧ ದಿನ ಬೈದು, ಆ ಒಂದು ಗೇಣು ಕಲ್ಲನ್ನು ಕತ್ತರಿಸಿ ಎಸೆದ. ಗುರುವಿನ ಮಾತು ಪಾಲಿಸಿದ ಸಮಾಧಾನದಲ್ಲಿ ಅಂದು ಒಂದು ತುತ್ತು ಹೆಚ್ಚು ಉಂಡ.

ಎಸೆದ ತುಂಡನ್ನು ಕೇತೋಜ ಎತ್ತಿಕೊಂಡು ಹೋದ. ತಿಂಗಳೊಪ್ಪತ್ತಿನಲ್ಲಿ ಅದರಿಂದ ಒಬ್ಬ ಕುಳ್ಳ ಎದ್ದು ಬಂದ. ಏನನ್ನೋ ಹೊತ್ತು ಏದುಸಿರು ಬಿಡುವ ಮೈ, ಮುಖ ಮಾತ್ರ ಥೇಟ್ ಮಾರೋಜನದು. ಉಬ್ಬಿದ ಕೆನ್ನೆ, ಚಾಚಿದ ತುಟಿ, ಹರಿದ ಕಿವಿ, ಒಂದೂ ಬಿಟ್ಟಿರಲಿಲ್ಲ. ಗೋಣಿತಟ್ಟು ಹೊದಿಸಿ ಇಟ್ಟಿದ್ದನಂತೆ, ಕೆಲಸದವರು ಒಬ್ಬೊಬ್ಬರಾಗಿ ಬಂದು ತಟ್ಟು ಸರಿಸಿ ನೋಡಿ, ಬಾಯಿಗೆ ಬಟ್ಟೆ ತುರುಕಿಕೊಂಡು ಹೋಗುತ್ತಿದ್ದರು. ಮಾರೋಜನ ಕಿವಿಗೂ ಬಿತ್ತು. ಕಲ್ಲು ಹೊರುವ ಆಳೂ ತನ್ನ ಮುಖ ನೋಡಿ ನಗುತ್ತಾನೆ ಎಂದ ಮೇಲೆ ಹತ್ತೂರಲ್ಲಿ ತನ್ನ ಮಾನ ಉಳಿದೀತೇ? ಸುತ್ತಿಗೆ ಹಿಡಿದು ಒಡೆಯಲು ಹೋದವನನ್ನು ಚಂದಬ್ಬೆ ಅಡ್ಡ ನಿಂತು ತಡೆದಳು. ಅವನು ನೇರ ಸಂಕಗೌಡನ ಬಳಿ ಹೋಗಿ ದೂರು ಕೊಟ್ಟ. ತೊಲೆ ಏರಿಸುವ ದಿನ ನಾನೇ ಬಂದು ನೋಡುತ್ತೇನೆ, ಒಡೆಯಬೇಕಾದ್ದಾದರೆ ನನ್ನ ಮುಂದೆಯೇ ಒಡೆಯಿರಿ ಎಂದು ಗೌಡ ಅಪ್ಪಣೆ ಕೊಟ್ಟ.

ಆ ದಿನ ಬಂತು. ಮುಹೂರ್ತಕ್ಕೆ ನಾಲ್ಕನೆಯ ಕಂಬ ನಿಲ್ಲಿಸಿದರು. ಮಣ್ಣಿನ ದಿಣ್ಣೆಯ ಮೇಲೆ ತೊಲೆಯನ್ನು ಉರುಳಿಸಿ ತಂದು ಆಸರೆಗೆ ನಿಲ್ಲಿಸಿದ ಮರದ ಊರೆಗಳ ಮೇಲೆ ಕೂರಿಸಿದರು. ಒಂದು ತುದಿ ಮೂರನೆಯ ಕಂಬದ ಮೇಲೆ ಚಂದವಾಗಿ ಕೂತಿತು. ಇನ್ನೊಂದು ತುದಿಯ ಕೆಳಗೆ ಒಂದು ಗೇಣು ಬಯಲು. ಮಾರೋಜ ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎರಡೂ ಕೋಲುಗಳನ್ನು ತರಿಸಿ ಪಕ್ಕಪಕ್ಕ ಹಿಡಿದಾಗ ಮೊಳಕ್ಕೆ ಮೂರು ಅಂಗುಲದ ಅಂತರ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಗೌಡನ ಕೊಂಬು ಕೇಳಿಸಿತು, ನಂಟರಿಷ್ಟರೊಂದಿಗೆ ಮೆರವಣಿಗೆಯಲ್ಲಿ ಬರುತ್ತಿದ್ದ. ಇದ್ದ ವಿಷಯ ಹೇಳಿದರೆ ಊರೆದುರಿಗೆ ಗೌಡನ ಕೈ ಮೋಟು ಎಂದಂತೆ, ಹೇಳದಿದ್ದರೆ ಮಾರೋಜನ ಲೆಕ್ಕ ತಪ್ಪಿತು ಎಂದಂತೆ. ಬರೀ ಕಲ್ಲಿನ ತುಂಡು ತುರುಕೋಣ ಎಂದರೆ ತೇಪೆ ಎಂದು ಕುರುಡನಿಗೂ ತಿಳಿಯುತ್ತದೆ. ಸದಾ ಗೊಣಗುವ ಮನುಷ್ಯ ಅಂದು ಗೊಣಗುವುದನ್ನೂ ಮರೆತು ದಿಣ್ಣೆಯ ಮೇಲೆ ಕೂತ. ಬುತ್ತಿ ತಂದಿದ್ದ ಚಂದಬ್ಬೆ ಆ ಬಯಲನ್ನು ನೋಡಿದಳು, ಗೋಣಿತಟ್ಟನ್ನು ನೋಡಿದಳು. ಅಡುಗೆಯವಳ ಕಣ್ಣಿಗೆ ಯಾವ ಪಾತ್ರೆಗೆ ಯಾವ ಮುಚ್ಚಳ ಎಂದು ಅಳೆಯಬೇಕಾಗಿಲ್ಲ. "ತಮ್ಮಾ, ನಿನ್ನ ಗೊಂಬಿ ಎತ್ತಿಕೊಂಡು ಬಾ," ಎಂದಳು. "ನೀವೂ ಏಳ್ರಿ. ಆಮ್ಯಾಲ ಗೊಣಗೂವಿರಂತ."

ಆ ಕಂಬದಿಂದಲೇ ಕತ್ತರಿಸಿದ ತುಂಡಲ್ಲವೇ, ಎಳ್ಳಷ್ಟೂ ಹೆಚ್ಚು ಕಡಿಮೆ ಇಲ್ಲದೆ ಕೂತಿತು. ಊರೆ ತೆಗೆದರು. ತೊಲೆ ಒಮ್ಮೆ ನರಳಿ ಕುಳ್ಳನ ಹೆಗಲ ಮೇಲೆ ನಿಂತಿತು. ಅದೇ ಗಳಿಗೆಗೆ ಗೌಡ ಬಂದ. ಮೊಗಸಾಲೆಯನ್ನು ನೋಡಿದ, ಕುಳ್ಳನನ್ನು ನೋಡಿದ, ಪಕ್ಕದಲ್ಲೇ ಬೆವರೊರೆಸಿಕೊಳ್ಳುತ್ತಿದ್ದ ಮಾರೋಜನನ್ನು ನೋಡಿದ, ಮತ್ತೆ ಕುಳ್ಳನನ್ನು ನೋಡಿದ. ರುಮಾಲು ಬೀಳುವಷ್ಟು ನಕ್ಕನಂತೆ. ಬಂದ ನಂಟರೂ ನಕ್ಕರು. ನೀವು ಒಡೆಯಬೇಕೆಂದ ಗೊಂಬೆ ಇದೇ ಏನು, ಇಷ್ಟು ಚಂದದ್ದನ್ನು ಯಾರಾದರೂ ಒಡೆಯುತ್ತಾರೆಯೇ, ಇದು ನನ್ನ ಮನೆಯ ಪಡಸಾಲೆಯಲ್ಲಿ ಇರಬೇಕು, ಈಗಲೇ ಇಳಿಸಿರಿ ಎಂದ. ನಾಲ್ಕು ಜನ ಆಳುಗಳು ಕಂಬವನ್ನು ಸುತ್ತುವರಿದು ಕುಳ್ಳನ ಹೊಟ್ಟೆಗೆ ಕೈ ಹಾಕಿಯೇಬಿಟ್ಟರು.

"ಮುಟ್ಟಬ್ಯಾಡ್ರೋ!" ಎಂದು ಮಾರೋಜ ಕೂಗಿದ ಕೂಗು ಪಕ್ಕದ ಹಳ್ಳಿಗೆ ಕೇಳಿಸಿತು ಎನ್ನುತ್ತಾರೆ. "ಗೌಡ್ರ, ಕೈ ಮುಗೀತೀನಿ. ಆ ಗೊಂಬಿ ತಗದ್ರ ಗುಡಿನ ನಿಂದ್ರೂದಿಲ್ರಿ!"

ಹತ್ತು ವರ್ಷ ಊಟದ ಎಲೆಯ ಮುಂದೆ ಗೆಲ್ಲಲಾಗದ ಜಗಳವನ್ನು ಕೇತೋಜ ಊರೆದುರಿಗೆ ಗೆದ್ದುಬಿಟ್ಟಿದ್ದ. ಏನಂದೆ ಮಾವ, ಇನ್ನೊಮ್ಮೆ ಹೇಳು ಎಂದು ಕೇಳಲು ಅವನ ನಾಲಗೆ ತುರಿಸಿರಬೇಕು. ಆದರೆ ಗೌಡ ನಗು ನಿಲ್ಲಿಸಿದ್ದ. ಕಂಬದ ಬುಡದಿಂದ ತುದಿಯವರೆಗೆ ಕಣ್ಣಾಡಿಸಿ, "ಹಂಗಾರ ಈ ಕಂಬದ ಅಳತಿ ತಪ್ಪೈತೇನು?" ಎಂದು ಕೇಳಿದ. ಮಾರೋಜನ ಕೈಯಲ್ಲಿ ಎರಡು ಕೋಲುಗಳಿದ್ದವು. ಅವನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಕೇತೋಜ ಮಾವನ ಮುಖವನ್ನು ನೋಡಿದ. ತಿಂಗಳೊಪ್ಪತ್ತು ಆ ಮುಖದ ಒಂದೊಂದು ಗೆರೆಯನ್ನೂ ನೋಡಿ ಕೆತ್ತಿದ್ದವನು, ಹೆದರಿಕೆಯ ಗೆರೆಯನ್ನು ಅಂದೇ ಮೊದಲ ಸಲ ಕಂಡ. ಅವನಿಗೆ ಪಾಪ ಎನ್ನಿಸಿತು.

"ಅಳತಿ ತಪ್ಪಿಲ್ರಿ ಗೌಡ್ರ," ಎಂದ. "ತಪ್ಪು ನಂದು. ನನ್ನ ಗೊಂಬಿಗೂ ಒಂದು ಗೇಣು ಜಾಗ ಬಿಡು ಅಂತ ಮಾವಗ ಹಗಲೆಲ್ಲ ಕಾಡಿದೆ. ಅಂವಾ ಒಲ್ಲೆ ಒಲ್ಲೆ ಅನಕೋತನ ಬಿಟ್ಟುಕೊಟ್ಟಾನ. ಅದಕ್ಕ ನೋಡ್ರಿ, ಮುಖ ಹೆಂಗ ಮಾಡ್ಯಾನ!"

ಗೌಡ ಮತ್ತೆ ಕುಳ್ಳನ ಮುಖ ನೋಡಿ ಬಿದ್ದು ಬಿದ್ದು ನಕ್ಕ. ಗುಡಿ ಉಳಿಯಿತು, ಗೊಂಬೆ ಉಳಿಯಿತು, ಗೌಡ, ಮಾರೋಜ ಇಬ್ಬರ ಮಾನವೂ ಉಳಿಯಿತು. ಎಲ್ಲರೂ ಹೋದ ಮೇಲೆ ಮಾರೋಜ ಎರಡೂ ಕೋಲುಗಳನ್ನು ಮುರಿದು ಚಂದಬ್ಬೆಯ ಒಲೆಗೆ ಕೊಟ್ಟ. ಆಮೇಲೆ ಮೊಗಸಾಲೆಗೆ ಬಂದು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಕುಳ್ಳನ ಪಕ್ಕದಲ್ಲಿ ತೊಲೆಗೆ ಅಂಗೈ ಆನಿಸಿ ಮೇಲಕ್ಕೆ ಒತ್ತಿ ಹಿಡಿದ. "ಸ್ವಲ್ಪ ಸುಧಾರಿಸ್ಕೋ," ಎಂದ. ಕಂಬದ ಆಚೆ ಉಳಿಗಳನ್ನು ಒರೆಸುತ್ತ ಕೂತಿದ್ದ ಕೇತೋಜನಿಗೆ ಅದು ಕೇಳಿಸಿತು. ಯಾರಿಗೆ ಹೇಳಿದ್ದೆಂದು ಅವನು ಕೇಳಲಿಲ್ಲ. ಮರುದಿನದಿಂದ ಯಾರೂ ಮಾರೋಜನನ್ನು ಗೊಣಗಪ್ಪ ಎನ್ನಲಿಲ್ಲವಂತೆ. ಆ ಹೆಸರೂ ಕುಳ್ಳನ ಹೆಗಲಿಗೆ ಹೋಯಿತು.

ಇಂದಿಗೂ ಗುಡಿಗೆ ಬಂದವರು ಮೊದಲು ಆ ಮೋಟುಕಂಬದ ಹತ್ತಿರ ನಿಂತು, ಎರಡೂ ಕೈಯೆತ್ತಿ, ತೊಲೆಯನ್ನು ಮೂರು ಉಸಿರಿನಷ್ಟು ಹೊತ್ತು ಮೇಲಕ್ಕೆ ಒತ್ತಿ, ಸುಧಾರಿಸಿಕೋ ಎಂದು ಹೇಳಿ ಒಳಗೆ ಹೋಗುತ್ತಾರೆ. ಕೈ ಎಟುಕದ ಮಕ್ಕಳನ್ನು ತಂದೆತಾಯಿ ಎತ್ತಿ ಹಿಡಿಯುತ್ತಾರೆ. ತೊಲೆಯ ಆ ಜಾಗ ಅಂಗೈಗಳಿಂದ ಸವೆದು ತಿರುಗಣೆಯ ಕಂಬಗಳಿಗಿಂತ ಹೆಚ್ಚು ಹೊಳೆಯುತ್ತದೆ. ನಮ್ಮ ಊರಿನಲ್ಲಿ ಗಂಡ ಹೆಂಡತಿ, ಅಣ್ಣ ತಮ್ಮ ಮಾತು ಬಿಟ್ಟರೆ ಹಿರಿಯರು ಇಬ್ಬರನ್ನೂ ಕರೆತಂದು ಇಲ್ಲಿ ಪಕ್ಕಪಕ್ಕ ನಿಲ್ಲಿಸುವುದುಂಟು. ಹೋದ ವರ್ಷ ನನ್ನನ್ನೂ ನನ್ನ ತಮ್ಮನನ್ನೂ ಹಾಗೆ ನಿಲ್ಲಿಸಿದರು. ತೊಲೆ ಎಳ್ಳಷ್ಟೂ ಅಲುಗಲಿಲ್ಲ. ಗೊಣಗಪ್ಪನ ಮುಖ ಅಷ್ಟು ಹತ್ತಿರದಿಂದ ನೋಡಿ ತಮ್ಮನಿಗೆ ನಗು ತಡೆಯಲಾಗಲಿಲ್ಲ. ನಿನ್ನ ಹಂಗ ಅದಾನ ನೋಡಣ್ಣಾ ಎಂದ.