ಬಾಗಿಲಿಗೆ ಹಚ್ಚಿದ ವಿಭೂತಿ

ಹೊಳೆದಂಡೆಯ ಮಠದಲ್ಲಿ ಒಂದು ಹಳೆಯ ಬಿಳಿ ಕಾರಿತ್ತು. ಭಕ್ತರು ಕೊಟ್ಟದ್ದು. ಅದನ್ನು ಓಡಿಸುವ ಸೇವೆ ಶಿಷ್ಯ ಗಾದಿಲಿಂಗನದು. ಮಂತ್ರ ಬಾಯಿಪಾಠ ಅವನಿಗೆ ಅಷ್ಟಕ್ಕಷ್ಟೇ. ಸ್ಟಿಯರಿಂಗು ಹಿಡಿದಾಗ ಮಾತ್ರ ಅವನ ಮುಖ ನೋಡಬೇಕು, ಪೀಠ ಏರಿದವನ ಕಳೆ.

ಒಂದು ದಿನ ಕಾರನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದ ಹಿಂಬಾಗಿಲು ಕೊಟ್ಟಿಗೆಯ ಕಲ್ಲುಕಂಬಕ್ಕೆ ಸವರಿತು. ಹೆಬ್ಬೆಟ್ಟಿನಷ್ಟು ಬಣ್ಣ ಕಿತ್ತು ತಗಡು ಕಂಡಿತು.

ಹೇಳಿದರೆ ಗುರುಗಳು ಚನ್ನವೀರಜ್ಜಾರು ಬೀಗದಕೈ ಕಿತ್ತುಕೊಂಡು ಊರಿಗೆ ಕಳಿಸಿಬಿಟ್ಟಾರು ಎಂಬ ಹೆದರಿಕೆ ಅವನಿಗೆ.

ಬಿಳಿ ಕಾರು, ಬಿಳಿ ವಿಭೂತಿ. ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆದ. ಗಾಯ ಮಾಯ.

ವಿಭೂತಿ ಒಣಗಿದರೆ ಉದುರುತ್ತದಲ್ಲ? ದಿನಾ ಬೆಳಿಗ್ಗೆ ಮಿಂದು ಬಂದು ಹೊಸದಾಗಿ, ಒದ್ದೆ ಒದ್ದೆಯಾಗಿ ಬಳಿಯುತ್ತಿದ್ದ. ಕೇಳಿದವರಿಗೆ, ಕಾರಿಗೂ ದೀಕ್ಷೆಯಾಗಿದೆ ಎಂದ. ಜನ ನಂಬಿದರು. ನಂಬಿ ಸುಮ್ಮನಿದ್ದರೆ ಪರವಾಗಿರಲಿಲ್ಲ, ಬಾಗಿಲಿಗೆ ಹೂವು ಸಿಕ್ಕಿಸತೊಡಗಿದರು.

ಅಜ್ಜಾರೂ ಒಂದು ದಿನ ಬಂದು ಬಾಗಿಲು ನೋಡಿ ಹೋದರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಬಾಗಿಲಿಗೆ ತಪ್ಪದೆ ಹೂವು ತರುತ್ತಿದ್ದ ಸಂಕವ್ವ ಬಂದಳು. ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕಿ. ದವಾಖಾನೆಯ ಕಪ್ಪು ಕನ್ನಡಕ ಇನ್ನೂ ಮುಖದ ಮೇಲಿತ್ತು. ಹೂವಿಟ್ಟು ವಿಭೂತಿಗೆ ಬೆರಳು ಒತ್ತಿದಳು. ಬೆರಳಿಗೆ ಕೆಂಪು ಪುಡಿ ಹತ್ತಿತು.

“ನೋಡ್ರೋ, ದೇವರು ಕುಂಕುಮ ಬಿಟ್ಟಾನ,” ಎಂದು ಕನ್ನಡಕ ತೆಗೆದು ಬೆರಳನ್ನು ಕಣ್ಣಿಗೆ ಒಯ್ದಳು.

ಗಾದಿಲಿಂಗ ಹಾರಿಬಂದು ಆ ಕೈ ಹಿಡಿದ.

“ಬ್ಯಾಡವ್ವಾ. ಅದು ತುಕ್ಕು. ದೀಕ್ಷಾನೂ ಇಲ್ಲ, ದೇವರೂ ಇಲ್ಲ. ಕಂಬಕ್ಕ ತಾಗಿಸಿದಾಂವ ನಾನು, ಮುಚ್ಚಿದಾಂವನೂ ನಾನು.”

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಂಕವ್ವ ಬೆರಳನ್ನು ಅವನ ಅಂಗಿಗೇ ಒರೆಸಿ, ಇಷ್ಟು ದಿನ ನನ್ನ ಹೂವೆಲ್ಲ ದಂಡ ಮಾಡಿಸಿದೆಲ್ಲೋ ಖೋಡಿ ಎಂದು ಬೈದು ಹೋದಳು. ವಿಚಿತ್ರ ನೋಡಿ, ಬೈಸಿಕೊಂಡವನಿಗೆ ಎಷ್ಟೋ ತಿಂಗಳ ಮೇಲೆ ಉಸಿರು ಹೊಟ್ಟೆಯ ತನಕ ಇಳಿಯಿತು.

ಹಿಂದೆ ಅಜ್ಜಾರು ನಿಂತಿದ್ದರು. ಕೈಯಲ್ಲಿ ತುಕ್ಕು ಉಜ್ಜುವ ಉಪ್ಪುಕಾಗದ.

“ಉಜ್ಜು.”

ಮೆಲ್ಲಗೆ ಉಜ್ಜಿದ. ಸುತ್ತಲಿನ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು; ಅದರಡಿಯೂ ತುಕ್ಕು. ಹೆಬ್ಬೆಟ್ಟಿನಷ್ಟಿದ್ದದ್ದು ಅಂಗೈಯಷ್ಟಾಯಿತು. ಅವನ ಕೈ ನಿಂತಿತು.

“ಅಜ್ಜಾರ, ಉಜ್ಜಿದಷ್ಟೂ ದೊಡ್ಡದಾಗಾಕತ್ತೈತಿ.”

“ದೊಡ್ಡದಾಗಿಲ್ಲ. ಇದ್ದದ್ದು ಕಾಣಾಕತ್ತೈತಿ. ಉಜ್ಜು.”

ತಗಡು ಫಳಫಳ ಹೊಳೆಯುವ ತನಕ ಉಜ್ಜಿದ. ಒರೆಸಿ, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಬಳಿದ. ಅದು ಒಣಗುವವರೆಗೆ ಇಬ್ಬರೂ ನೆರಳಲ್ಲಿ ಕೂತರು. ಅಜ್ಜಾರು ಬಿಳಿ ಬಣ್ಣದ ಡಬ್ಬಿಯನ್ನು ಕಡ್ಡಿಯಿಂದ ಕಲಕುತ್ತಿದ್ದರು.

“ನಿಮಗ ಮೊದಲ ಗೊತ್ತಿತ್ತೇನ್ರಿ?”

“ಎಲ್ಲಾರ ಗಾಡಿನೂ ಹಣಿಗೆ ವಿಭೂತಿ ಹಚ್ಕೊಂತಾವು. ನಿಂದು ಸೊಂಟಕ್ಕ ಹಚ್ಕೊಂಡಿತ್ತು.”

“ಮತ್ತ ಯಾಕ ಕೇಳಲಿಲ್ಲ?”

“ಕೇಳಿದ್ರ ನೀ ಇನ್ನೊಂದು ಕಥಿ ಹೇಳ್ತಿದ್ದಿ.”

ಗಾದಿಲಿಂಗನಿಗೆ ನಗು ಬಂತು, ಬಂದ ನಗು ಅರ್ಧಕ್ಕೇ ನಿಂತಿತು. ಎದ್ದು ಬಣ್ಣದ ಮೊದಲ ಕೋಟ್ ಹಚ್ಚಿದ. ಕುಂಚ ಕೆಳಗಿಟ್ಟ. ಜೇಬಿನಿಂದ ಬೀಗದಕೈ ತೆಗೆದು ಅಜ್ಜಾರ ಕಾಲ ಬಳಿ ಇಟ್ಟ.

“ನಾ ಇನ್ನ ಊರಿಗೆ ಹೊಂಡ್ಲೇನ್ರಿ, ಅಜ್ಜಾರ?”

ಅಜ್ಜಾರು ಬೀಗದಕೈ ಕಡೆ ನೋಡಲೇ ಇಲ್ಲ. ಬಾಗಿಲಿನ ಮುಂದೆ ಬಗ್ಗಿ, ಹಸಿ ಬಣ್ಣದ ಮೇಲೆ ಕೂರಲು ಬಂದ ನೊಣವನ್ನು ಕೈಬೀಸಿ ಓಡಿಸಿದರು.

“ಇನ್ನೂ ಒಂದು ಕೋಟ್ ಬಾಕಿ ಐತಿ. ಅದನ್ನೇನು ನಾ ಹಚ್ಚಬೇಕೇನು?”