ಯಾರ ಮೈಯುದ್ದ?

ಗದ್ದೆಯ ಬದುವಿನಲ್ಲಿ ಒಂದು ಗೊದ್ದ ಇರುವೆಯಿತ್ತು. ಯಾವ ದೂರ ಕೇಳಿದರೂ ತನ್ನ ಮೈಯುದ್ದದಲ್ಲಿ ಅಳೆದು ಹೇಳುತ್ತಿತ್ತು. ಅದರ ಲೆಕ್ಕ ಎಂದೂ ತಪ್ಪಿರಲಿಲ್ಲ, ಆ ಹೆಮ್ಮೆಯೂ ಅದಕ್ಕಿತ್ತು.

ಒಂದು ದಿನ ಯಾರೋ ತೂಬು ತೆರೆದರು. ಕಾಲುವೆ ತುಂಬಿ, ನೀರು ಕೆಂಪಿರುವೆಗಳ ಗೂಡಿಗೆ ನುಗ್ಗತೊಡಗಿತು. ಅವುಗಳ ಹಿರಿಯಕ್ಕ ಓಡಿಬಂದು ಕೇಳಿತು: "ಅಣ್ಣಾ, ಮೊಟ್ಟೆಗಳನ್ನು ಆಚೆ ದಡಕ್ಕೆ ಸಾಗಿಸಬೇಕು. ಹುಲ್ಲಿನ ಸೇತುವೆ ಹಾಕುತ್ತೇವೆ. ಕಾಲುವೆ ಎಷ್ಟು ಅಗಲ?"

"ಇಪ್ಪತ್ತು ಮೈಯುದ್ದ."

"ಖಂಡಿತವೇ?"

"ಅಳೆದವನು ನಾನು. ಅನುಮಾನವಿದ್ದರೆ ಬೇರೆಯವರನ್ನು ಕೇಳು" ಎಂದು ಗೊದ್ದ ಮುಖ ತಿರುಗಿಸಿತು.

ಆಚೆ ದಡ ಕೆಂಪಿರುವೆಗಳ ಕಣ್ಣಿಗೆ ಕಾಣುತ್ತಿರಲಿಲ್ಲ. ಗೊದ್ದದ ಮಾತನ್ನೇ ನಂಬಿದವು. ಹುಲ್ಲಿನ ಎಸಳಿನ ಮೇಲೆ ಇಪ್ಪತ್ತು ಇರುವೆಗಳು ಸಾಲಾಗಿ ನಿಂತು, ಅಲ್ಲಿಗೆ ಕತ್ತರಿಸಿ, ನೀರಿನ ಮೇಲೆ ಚಾಚಿದವು. ಮೊಟ್ಟೆ ಹೊತ್ತವು ಅವಸರದಿಂದ ಅದನ್ನು ಹತ್ತಿದವು. ಎಸಳು ನಡುಗಾಲುವೆಯನ್ನೂ ಮುಟ್ಟಿರಲಿಲ್ಲ. ಭಾರಕ್ಕೆ ಬಾಗಿ ಮುಳುಗಿತು, ಮೊಟ್ಟೆಗಳೆಲ್ಲ ಕೊಚ್ಚಿಹೋದವು.

ಗೊದ್ದ ಓಡಿಬಂದು ಕೂಗಿತು: "ಇಪ್ಪತ್ತು ಎಂದೆನಲ್ಲ! ಇಷ್ಟು ಗಿಡ್ಡ ಏಕೆ ಕತ್ತರಿಸಿದಿರಿ?"

ಹಿರಿಯಕ್ಕ ಒದ್ದೆ ಮೈಯಲ್ಲೇ ಬಂದು ಗೊದ್ದದ ಪಕ್ಕದಲ್ಲಿ ನಿಂತಿತು. ಗೊದ್ದದ ಅರ್ಧದಷ್ಟೂ ಉದ್ದವಿರಲಿಲ್ಲ ಅದು.

"ಇಪ್ಪತ್ತೇ ಅಳೆದೆವು, ಅಣ್ಣಾ" ಎಂದಿತು.

ಗೊದ್ದ ಅದರ ಮೈಯನ್ನೂ ತನ್ನ ಮೈಯನ್ನೂ ನೋಡಿತು. ಯಾರ ಮೈಯುದ್ದವೆಂದು ತಿಳಿಸಲು ಇನ್ನೊಂದೇ ಮಾತು ಸಾಕಿತ್ತು. ಲೆಕ್ಕ ತಪ್ಪಿದ್ದರೆ ಕ್ಷಮೆ ಕೇಳುವುದಾದರೂ ಸುಲಭವಾಗುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು.