ಬೆನ್ನು ತೋರಿಸದ ಏಡಿ

ಲೋಕ ಆಗಷ್ಟೇ ಹೊಸದು. ಕಡಲಿಗೆ ಹಾಕಿದ ಉಪ್ಪು ಕೂಡ ಪೂರ್ತಿ ಕರಗಿರಲಿಲ್ಲ. ಆಗ ಏಡಿಗಳೂ ನಮ್ಮ ನಿಮ್ಮ ಹಾಗೆ ನೇರ ಮುಂದಕ್ಕೇ ನಡೆಯುತ್ತಿದ್ದವು.

ಕಡಲಜ್ಜನಿಗೂ ನೆಲದಜ್ಜಿಗೂ ನಡುವೆ ಒಂದು ಪಟ್ಟಿ ಮರಳು. ಆ ಮರಳಲ್ಲೊಂದು ಬಿಲ. ಬಿಲದಲ್ಲಿ ಮೆಲ್ಲಿ ಎಂಬ ಪುಟ್ಟ ಏಡಿ, ತನ್ನ ಮರಿಗಳೊಂದಿಗೆ. ಅವಳು ಮಾತಾಡುವುದೇ ಕಡಿಮೆ, ಆಡಿದರೂ ಮೆಲ್ಲಗೆ. ಅದಕ್ಕೇ ಆ ಹೆಸರು.

“ಈ ಮರಳು ನನ್ನದು!” ಎಂದು ಕಡಲಜ್ಜ ನುಗ್ಗುತ್ತಿದ್ದ. ಬಿಲದ ತುಂಬ ನೀರು.

“ನಿನ್ನದಂತೆ! ಅದು ನನ್ನ ಸೆರಗು,” ಎಂದು ನೆಲದಜ್ಜಿ ದಿಬ್ಬಗಟ್ಟಲೆ ಮರಳು ಸುರಿಯುತ್ತಿದ್ದಳು. ಬಿಲದ ಬಾಯಿ ಬಂದ್.

ಎಷ್ಟು ಸಲ ತೋಡಿದರೂ ಅಷ್ಟೇ. ಇನ್ನೊಮ್ಮೆ ಹೀಗಾದರೆ ಮರಿಗಳು ಉಳಿಯುವುದಿಲ್ಲ. ಮೆಲ್ಲಿ ತನ್ನ ನಾಚಿಕೆಯನ್ನು ಬಿಲದಲ್ಲೇ ಬಿಟ್ಟು ಹೊರಗೆ ಬಂದಳು.

“ನಾನು ಇಬ್ಬರ ಹತ್ತಿರವೂ ಮಾತಾಡ್ತೇನೆ.”

ದಡದಲ್ಲಿದ್ದ ಕಡಲಹಕ್ಕಿಯೊಂದು ಬಿದ್ದು ಬಿದ್ದು ನಕ್ಕಿತು. “ದೊಡ್ಡವರ ಜಗಳಕ್ಕೆ ತಲೆ ಹಾಕುವವರನ್ನು ನೋಡಿದ್ದೇನೆ. ಹತ್ತೂ ಕಾಲು ಹಾಕುವವಳನ್ನು ಇವತ್ತೇ ನೋಡಿದ್ದು ಮಾರಾಯ್ತಿ!”

ಮೆಲ್ಲಿ ಕಡಲ ಕಡೆ ಹೊರಟಳು. “ಅಜ್ಜಾ…”

ಹಿಂದಿನಿಂದ ಅಜ್ಜಿ ಸಿಡುಕಿದಳು. “ನೋಡಿ ಇವಳನ್ನ! ರಾಜಿ ಮಾಡಿಸಲಿಕ್ಕೆ ಬಂದವಳು ನನಗೇ ಬೆನ್ನು ತೋರಿಸ್ತಾಳೆ!”

ಬೆದರಿ ಅತ್ತ ತಿರುಗಿದರೆ ಅಜ್ಜ ಮೊರೆದ. “ಓಹೋ, ಈಗ ನನಗೆ ಬೆನ್ನಾ?”

ಒಂದೇ ಅಲೆ. ಬಿಲ ಅರ್ಧ ಕುಸಿಯಿತು. ಒಳಗೆ ಮರಿಗಳು ಚೀರಿದವು.

ಹಿರಿಯರಿಗೆ ಬೆನ್ನು ತೋರಿಸಬಾರದು, ಸರಿ. ಹಿರಿಯರು ಎರಡೂ ಕಡೆ ಇದ್ದರೆ?

ಮೆಲ್ಲಿ ಮೆಲ್ಲಗೆ ಅಡ್ಡ ತಿರುಗಿದಳು. ಒಂದು ಕಣ್ಣು ಕಡಲಿಗೆ, ಒಂದು ಕಣ್ಣು ನೆಲಕ್ಕೆ. ಹಾಗೇ ಅಡ್ಡಡ್ಡ ಅತ್ತ ಹೋದಳು, ಅಡ್ಡಡ್ಡ ಇತ್ತ ಬಂದಳು. ಈಗ ಯಾರಿಗೂ ಬೆನ್ನಿಲ್ಲ.

“ಮರಳು ಯಾರದು ಅಂತ ನಾನು ಕೇಳುವುದಿಲ್ಲ. ಯಾಕೆ ಬೇಕು, ಅಷ್ಟು ಹೇಳಿ.”

ಹೀಗೆ ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲ.

“ಅಲೆದೂ ಅಲೆದೂ ಸುಸ್ತಾಗ್ತದೆ ಮಗಾ,” ಎಂದ ಅಜ್ಜ. “ಸ್ವಲ್ಪ ಕಾಲು ಚಾಚಲಿಕ್ಕೆ.”

“ಬಿಸಿಲಿಗೆ ನನ್ನ ಪಾದ ಸುಡ್ತದೆ,” ಎಂದಳು ಅಜ್ಜಿ. “ಸ್ವಲ್ಪ ತಂಪು ಬೇಕು.”

ಮೆಲ್ಲಿಗೆ ನಗು ಬಂತು. “ಹಾಗಾದರೆ ಅಜ್ಜ ಬಂದು ಕಾಲು ಚಾಚಲಿ, ಅಜ್ಜಿಯ ಪಾದ ತಂಪಾಗಲಿ. ಆಮೇಲೆ ಅಜ್ಜ ಹಿಂದೆ ಹೋಗಲಿ. ದಿನಕ್ಕೆರಡು ಸಲ. ಆದರೆ ಎಲ್ಲಿಯವರೆಗೆ ಬಂದದ್ದು ಅಂತ ಒಂದು ಗುರುತು ಇಟ್ಟು ಹೋಗಿ. ಅದರಾಚೆ ನನ್ನ ಮಕ್ಕಳಿದ್ದಾರೆ.”

ಕಡಲಜ್ಜ ಮೊದಲ ಸಲ ಸದ್ದಿಲ್ಲದೆ ಹಿಂದೆ ಸರಿದ. ಅವನು ನಿಂತಿದ್ದ ಜಾಗದಲ್ಲಿ ಚಿಪ್ಪುಗಳ ಉದ್ದನೆಯ ಗೆರೆ, ಚೂರು ಪಾರು ತಿನಿಸು. “ಮರಿಗಳಿಗೆ,” ಎಂದ. ಅಜ್ಜಿ ಬಿಲದ ಸುತ್ತ ಮರಳನ್ನು ಗಟ್ಟಿಯಾಗಿ ತಟ್ಟಿ ಕೊಟ್ಟಳು.

ಮೆಲ್ಲಿಗೆ ಮತ್ತೆ ನಾಚಿಕೆ. ಮುಂಗಾಲಿನ ಎರಡೂ ಕೊಂಡಿ ಎತ್ತಿ ಕೈ ಮುಗಿದಳು: ಒಂದು ಅಜ್ಜನಿಗೆ, ಒಂದು ಅಜ್ಜಿಗೆ.

ಅದಕ್ಕೇ ಇವತ್ತಿಗೂ ಕಡಲು ದಿನಕ್ಕೆರಡು ಸಲ ಬಂದು, ಚಿಪ್ಪಿನ ಗೆರೆ ಎಳೆದು, ಹಿಂದೆ ಹೋಗುತ್ತದೆ. ನೀವು ಮರಳಿಗೆ ಇಳಿದಾಗ ಏಡಿಯೊಂದು ಕೊಂಡಿ ಎತ್ತಿ ಅಡ್ಡಡ್ಡ ಓಡಿದರೆ, ಹೆದರಿ ಓಡಿತು ಎನ್ನಬೇಡಿ. ಅದು ಯಾರಿಗೂ ಬೆನ್ನು ತೋರಿಸದೆ, ಇನ್ನೂ ಇಬ್ಬರಿಗೂ ಕೈ ಮುಗಿಯುತ್ತಿದೆ.